ನೀರುಗಂಟಿಯ ಮಗ

ಚಿಂತಾಮಣಿಯ ಸೀಮೆಗೆ ಜೀವನದಿಯಿಲ್ಲ, ಇರುವುದು ಕೆರೆಗಳು. ವರ್ಷಕ್ಕೆ 700 ಮಿಲಿಮೀಟರಿನ ಆಸುಪಾಸಿನಲ್ಲಿ ಬೀಳುವ ಮಳೆಯನ್ನು ಏರಿ ಕಟ್ಟಿ ಹಿಡಿಯುವುದು, ತೂಬಿನಿಂದ ಅಳೆದು ಬಿಡುವುದು, ಮಿಕ್ಕಿದ್ದನ್ನು ಕೋಡಿಯಿಂದ ಮುಂದಿನ ಕೆರೆಗೆ ಕಳಿಸುವುದು: ಇಷ್ಟೇ ಅಲ್ಲಿಯ ಜಲಶಾಸ್ತ್ರ. ಅದರ ಪಂಡಿತನೆಂದರೆ ನೀರುಗಂಟಿ. ಅಂಥ ಒಬ್ಬ ನೀರುಗಂಟಿಯ ಮಗ ಡಿಪ್ಲೊಮಾ ಓದಿ, 1980ರ ದಶಕದಲ್ಲಿ ಚಿಕ್ಕಮಗಳೂರು ಜಿಲ್ಲೆಯ ಕುದುರೆಮುಖದ ಕಬ್ಬಿಣದ ಗಣಿಗೆ ಓವರ್‌ಸಿಯರಾಗಿ ಹೋದರು. ಅಲ್ಲಿ ಅವರ ಪಾಲಿಗೆ ಬಂದ ಕೆಲಸವೂ ನೀರಿನದೇ. ವಂಶದ ವೃತ್ತಿ ಮನುಷ್ಯನನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲವೆಂದು ತೋರುತ್ತದೆ.

ಆದರೆ ಇಲ್ಲಿ ನೀರಿನ ಅಭಾವವಲ್ಲ, ಅತಿಶಯ. ವರ್ಷಕ್ಕೆ 6,000 ಮಿಲಿಮೀಟರಿನ ಆಸುಪಾಸು ಮಳೆ. ಗುಡ್ಡದ ತಲೆಯನ್ನು ಮೆಟ್ಟಿಲು ಮೆಟ್ಟಿಲಾಗಿ ಕಡಿದ ತೆರೆದ ಗಣಿ. ಹುಲ್ಲಿನ ಹೊದಿಕೆ ಕಳೆದುಕೊಂಡ ಮಣ್ಣಿನ ಮೇಲೆ ಆ ಮಳೆ ಸುರಿದರೆ ಕೆಳಗೆ ಹರಿಯುವ ಭದ್ರೆಯ ಗತಿಯೇನು? ಮೇಲಿನಿಂದ ಇಳಿಯುವ ತಿಳಿನೀರು ಗಣಿಯನ್ನು ಮುಟ್ಟದಂತೆ ಸುತ್ತುಗಾಲುವೆಯಿಂದ ಆಚೆಗೆ ತಿರುಗಿಸಬೇಕು. ಒಳಗೆ ಬಿದ್ದದ್ದನ್ನು ಮಾತ್ರ ಮೆಟ್ಟಿಲ ಬುಡದ ಚರಂಡಿಗಳಲ್ಲಿ ಕೂಡಿಸಿ ಹೂಳಿನ ಹೊಂಡಕ್ಕೆ ಒಯ್ಯಬೇಕು. ಹೊಂಡದಲ್ಲಿ ನೀರಿನ ಓಟ ಮುರಿದೊಡನೆ ಮರಳು ಮೊದಲು ಕೂರುತ್ತದೆ; ಜೇಡಿಯ ಸೂಕ್ಷ್ಮಕಣಗಳು ಮಾತ್ರ ದಿನಗಟ್ಟಲೆ ಕೂರಲೊಲ್ಲವು. ಚಿಲ್ಲದ ಬೀಜ ತೇಯ್ದು ಬಗ್ಗಡದ ನೀರನ್ನು ತಿಳಿಮಾಡಿದ ಹಳ್ಳಿಯ ಹೆಂಗಸರು ಈ ಹಟವನ್ನು ಬಲ್ಲರು. ಮಳೆಗಾಲಕ್ಕೆ ಮುನ್ನ ಹೊಂಡವನ್ನು ಬರಿದುಮಾಡದಿದ್ದರಂತೂ ಮುಗಿಯಿತು. ನೀರು ನಿಲ್ಲಲು ಪುರಸೊತ್ತಿಲ್ಲದೆ ಬಂದ ಬಣ್ಣದಲ್ಲಿಯೇ ಹೊರಟುಹೋಗುತ್ತದೆ.

ಇದು ಚಿಲ್ಲರೆ ಹೂಳು. ಸಗಟು ಹೂಳು ಕಾರ್ಖಾನೆಯದು. ಅದಿರನ್ನು ನುಣ್ಣಗೆ ಅರೆದು, ಕಬ್ಬಿಣದ ಅಂಶವನ್ನು ನೀರಿನೊಡನೆ ಕೊಳವೆಯಲ್ಲಿ 67 ಕಿಲೋಮೀಟರು ದೂರದ ಮಂಗಳೂರಿನ ಬಂದರಿಗೆ ಹರಿಸುತ್ತಿದ್ದರು. ಉಳಿದ ಬೂದುಬಣ್ಣದ ರಾಡಿಯೆಲ್ಲ ಭದ್ರೆಯ ಉಪನದಿಯಾದ ಲಕ್ಯಾ ಹೊಳೆಗೆ ಅಡ್ಡಲಾಗಿ ಕಟ್ಟಿದ, ಸುಮಾರು 100 ಮೀಟರು ಎತ್ತರದ ಅಣೆಕಟ್ಟಿನ ಹಿಂದೆ ಸೇರುತ್ತಿತ್ತು. ಮಣ್ಣು ತಳಕ್ಕೆ ಕೂತು, ಮೇಲೆ ತಿಳಿದ ನೀರು ಮತ್ತೆ ಕಾರ್ಖಾನೆಗೆ.

ಮಗನ ಸಂಸಾರವನ್ನು ನೋಡಲು ಒಮ್ಮೆ ತಂದೆ ಬಂದರು. ಮಗ ಅಭಿಮಾನದಿಂದ ಲಕ್ಯಾ ಏರಿಯ ಮೇಲೆ ಕರೆದುಕೊಂಡು ಹೋದರು. ಮುದುಕರು ಬಹಳ ಹೊತ್ತು ನೋಡಿದರು. ಅವರ ಊರಿನಲ್ಲಿ ಹೂಳಿಗೆ ಗೋಡೆಂದು ಹೆಸರು. ಬೇಸಗೆಯಲ್ಲಿ ಕೆರೆ ಬತ್ತಿತೆಂದರೆ ಗಾಡಿಗಳು ಸಾಲುಗಟ್ಟಿ ಇಳಿದು ಗೋಡನ್ನು ಹೊಲಕ್ಕೆ ಹೊಡೆಯುವ ಕಾಲ. ರಾಗಿಗೆ ಅದಕ್ಕಿಂತ ಒಳ್ಳೆಯ ಗೊಬ್ಬರವಿಲ್ಲ.

“ಈ ಗೋಡನ್ನ ಯಾವ ಹೊಲಕ್ಕೆ ಹೊಡೀತೀರಪ್ಪಾ?”

“ಇದರಲ್ಲಿ ಬೆಳೆ ಬರೋದಿಲ್ಲಪ್ಪಾ. ಇಲ್ಲೇ ಇರಬೇಕು.”

“ಎಷ್ಟು ದಿನ?”

ಮಗ ಉತ್ತರ ಕೊಡಲಿಲ್ಲ.

“ಹಂಗಾದ್ರೆ, ನೀವೆಲ್ಲಾ ಹೋದಮೇಲೆ ಈ ಏರಿಗೆ ನೀರುಗಂಟಿ ಯಾರು?”

ನಕ್ಷೆಗಳಲ್ಲಿ ಎಲ್ಲವೂ ಇತ್ತು, ಕೋಡಿಯೂ ಇತ್ತು, ಈ ಪ್ರಶ್ನೆಯೊಂದಿರಲಿಲ್ಲ. ಸುತ್ತಲಿನ ಕಾಡು 1987ರಲ್ಲಿಯೇ ರಾಷ್ಟ್ರೀಯ ಉದ್ಯಾನವೆಂದು ಘೋಷಿತವಾಗಿತ್ತು. 2002ರಲ್ಲಿ ಸರ್ವೋಚ್ಚ ನ್ಯಾಯಾಲಯ ತೀರ್ಪಿತ್ತು, 2005ರ ಡಿಸೆಂಬರ್ 31ಕ್ಕೆ ಗಣಿ ನಿಂತಿತು. ಭದ್ರೆಯ ನೀರಿನ ಹೂಳನ್ನು ಅಳೆದ ವಿಜ್ಞಾನಿಗಳ ಅಧ್ಯಯನವೊಂದು 2006ರಲ್ಲಿ ಪ್ರಕಟವಾಯಿತು: ಜಲಾನಯನದ ಅತ್ಯಲ್ಪ ಭಾಗವಾದ ಗಣಿಯ ನೆಲದಿಂದಲೇ ಹೂಳಿನ ದೊಡ್ಡ ಪಾಲು ಬರುತ್ತಿತ್ತೆಂದು ಅದರ ಸಾರ. ಇಪ್ಪತ್ತು ವರ್ಷ ಚರಂಡಿ ಬಗೆಸಿದವರಿಗೆ ಇದು ಹಿತವಾದ ಓದಲ್ಲ. ಆದರೂ ಅವರು ಅದನ್ನು ಅಲ್ಲಗಳೆಯಲಿಲ್ಲ. ಜುಲೈ ತಿಂಗಳ ಒಂದು ರಾತ್ರಿಯ ಮಳೆ ಯಾವ ಹೊಂಡವನ್ನೂ ಲೆಕ್ಕಕ್ಕೆ ಇಡುವುದಿಲ್ಲವೆಂಬುದನ್ನು ಅವರಿಗಿಂತ ಚೆನ್ನಾಗಿ ಬಲ್ಲವರು ಕಡಿಮೆ.

ಈಗ ಅವರು ಚಿಂತಾಮಣಿಯಲ್ಲಿದ್ದಾರೆ. ತಂದೆ ಇಲ್ಲ. ಊರಿನ ಕೆರೆಗೆ ಗೋಡು ಹೊಡೆಯುವ ಗಾಡಿಗಳು ಇಳಿಯುವುದೂ ಅಪರೂಪ; ಗೊಬ್ಬರ ಚೀಲದಲ್ಲಿ ಬರುತ್ತದೆ, ಕೆರೆ ತನ್ನ ಪಾಡಿಗೆ ತಾನು ತುಂಬುತ್ತದೆ, ಮಣ್ಣಿನಿಂದ. ಜೂನ್ ಬಂತೆಂದರೆ ಬೆಳಗಿನ ಪತ್ರಿಕೆಯಲ್ಲಿ ಅವರು ಮೊದಲು ಹುಡುಕುವುದು ಮಲೆನಾಡಿನ ಮಳೆಯ ಅಂಕಿಗಳನ್ನು.

“ನಮ್ಮೂರಿನಲ್ಲಿ ಒಂದು ಹನಿ ಇಲ್ಲ, ನಿಮಗೆ ಆ ಊರಿನ ಮಳೆಯ ಯೋಚನೆ!” ಎಂದು ಪತ್ನಿ ಕಾಫಿಯ ಲೋಟವಿಡುತ್ತಾ ಮೂದಲಿಸುತ್ತಾರೆ.

“ಗಣಿ ನಿಂತಿತು, ನಿಜ. ಆ ಏರಿ ಅಲ್ಲಿಯೇ ಇದೆಯಲ್ಲೇ,” ಎಂದು ಅವರು ಪುಟ ಮಗುಚುತ್ತಾರೆ.