ಬೂಟಿನ ಅಳತೆ

ಬೂಟು ಹಾಕಿಕೊಂಡು ಶಾಲೆಗೆ ಹೋದ ಪುಣ್ಯವಂತರಲ್ಲಿ ನಾನು ಸೇರಿದವನಲ್ಲ. ನಮ್ಮದು ಹಿರಿಯೂರಿನ ಕಡೆಯ ಹಳ್ಳಿ. ಮನೆಯಲ್ಲಿ ಮೆಟ್ಟು ಎಂದರೆ ಅಪ್ಪನ ಎಕ್ಕಡ ಮಾತ್ರ. ಹುಡುಗರ ಕಾಲಿಗೆ ದೇವರು ಕೊಟ್ಟ ಚರ್ಮವೇ ಸಾಕು ಎಂಬುದು ಹಿರಿಯರ ನಂಬಿಕೆ. ಜಾಲಿಮುಳ್ಳು ಚುಚ್ಚಿದರೆ ಪಿನ್ನಿನಿಂದ ಕಿತ್ತುಹಾಕಿದರಾಯಿತು, ಅಷ್ಟೇ ವೈದ್ಯ.

1966ರ ಆಗಸ್ಟ್ 15ರ ಕವಾಯತಿಗೆ ಮುಂದಿನ ಸಾಲಿನವರೆಲ್ಲ ಬೂಟು ಹಾಕಿಕೊಂಡು ಬರಬೇಕೆಂದು ಡ್ರಿಲ್ ಮೇಷ್ಟರ ಅಪ್ಪಣೆಯಾಯಿತು. ಊರಿನ ಸಾಹುಕಾರರು ದೊಡ್ಡ ಮನಸ್ಸು ಮಾಡಿ ತಮ್ಮ ಮಗನ ಹಳೆಯ ಜೋಡು ಕೊಟ್ಟರು. "ಸರಿಯಾಗಿದೆಯೇನೋ?" ಎಂದು ಕೇಳಿದರು. "ಸರಿಯಾಗಿದೆ ಸ್ವಾಮಿ" ಎಂದೆ. ಬೆರಳುಗಳು ಒಳಗೆ ಮುದುಡಿ ಕುಳಿತಿದ್ದವು. ನಿಜ ಹೇಳಿದರೆ ಬೂಟು ವಾಪಸು ಹೋಗುವುದೆಂಬ ಭಯ. ಕವಾಯತು ಮುಗಿಯುವ ಹೊತ್ತಿಗೆ ಎರಡೂ ಹಿಮ್ಮಡಿ ಸುಲಿದು ರಕ್ತ ಬಂದಿತ್ತು. ಅಮ್ಮ ಅರಿಸಿನ ಹಚ್ಚುತ್ತ, "ಬಾಯಿ ಇರಲಿಲ್ಲವೇನೋ ನಿನಗೆ?" ಎಂದು ಬೈದಳು. ಈ ಸಂಗತಿಯನ್ನು ಐವತ್ತೇಳು ವರ್ಷ ಮರೆತೇಬಿಟ್ಟಿದ್ದೆ.

1979ರಲ್ಲಿ ಕೆಲಸ ಸಿಕ್ಕಿ ಮಣಲಿಗೆ ಬಂದೆ. ತಮಿಳಿನಲ್ಲಿ ಮಣಲ್ ಎಂದರೆ ಮರಳು. ಆಗ ಊರಿನ ತುಂಬ ಮರಳು, ಮರಳಿನ ನಡುವೆ ರಿಫೈನರಿ, ಗೊಬ್ಬರದ ಕಾರ್ಖಾನೆ, ಅವುಗಳ ಚಿಮಣಿಗಳು. 2011ರಲ್ಲಿ ಮಣಲಿ ಚೆನ್ನೈ ಕಾರ್ಪೊರೇಷನ್ನಿಗೆ ಸೇರಿತು. ನಾನು ನಿವೃತ್ತನಾದ ಮೇಲೂ ಇಲ್ಲೇ ಉಳಿದೆ. ನಮ್ಮ ಬೀದಿಯಲ್ಲಿ ನಾಲ್ಕು ಕನ್ನಡ ಮನೆಗಳಿವೆ, ಯುಗಾದಿಗೆ ಹೋಳಿಗೆ ಅದಲುಬದಲಾಗುತ್ತದೆ.

2023ರ ಡಿಸೆಂಬರಿನಲ್ಲಿ ಮಿಚಾಂಗ್ ಚಂಡಮಾರುತ ಬಂದದ್ದು ವಾಚಕರಿಗೆ ನೆನಪಿರಬಹುದು. ಮಳೆನೀರಿನ ಜೊತೆ ಎಣ್ಣೆಯೂ ಹರಿದು ಎಣ್ಣೂರಿನ ಅಳಿವೆ ಸೇರಿತು. ತಗ್ಗಿನ ಮನೆಗಳ ಗೋಡೆಗಳ ಮೇಲೆ ಕಪ್ಪು ಗೆರೆ ಉಳಿಯಿತು. ಶಾಲೆ ಮತ್ತೆ ತೆರೆದ ದಿನ ನಮ್ಮ ಮನೆಯ ಮುಂದೆ ಹೋಗುವ ಮಕ್ಕಳು ಬರಿಗಾಲಿನಲ್ಲಿದ್ದರು. ನೆನೆದ ಪುಸ್ತಕವನ್ನು ಬಿಸಿಲಿಗಿಟ್ಟು ಒಣಗಿಸಬಹುದು, ಎಣ್ಣೆ ಕುಡಿದ ಬೂಟನ್ನು ಏನು ಮಾಡುವುದು? ತಮಿಳುನಾಡು ಸರಕಾರ 2012ರಿಂದ ಶಾಲಾಮಕ್ಕಳಿಗೆ ಪಾದರಕ್ಷೆ ಕೊಡುತ್ತ ಬಂದಿದೆ. ನಮ್ಮ ಕರ್ನಾಟಕದಲ್ಲೂ 2015-16ರಿಂದ ಒಂದು ಜೊತೆ ಕಪ್ಪು ಬೂಟು, ಎರಡು ಜೊತೆ ಕಾಲುಚೀಲ ಕೊಡುವ ಯೋಜನೆ ಬಂತು. ಆದರೆ ಸರಕಾರದ ಜೋಡು ವರ್ಷಕ್ಕೊಂದೇ ಸಲ. ಮಳೆ ವರ್ಷದ ನಡುವೆ ಬರುತ್ತದೆ.

ಬರಿಗಾಲು ಎಂದರೆ ಬರಿಯ ನಾಚಿಕೆಯ ಮಾತಲ್ಲ. ಕೊಕ್ಕೆಹುಳುವಿನ ಮರಿ ಕೊಳಕು ಮಣ್ಣಿನಿಂದ ಅಂಗಾಲಿನ ಚರ್ಮ ಕೊರೆದು ಒಳಹೊಕ್ಕು, ಕರುಳು ಸೇರಿ ರಕ್ತ ಹೀರುತ್ತದೆ. ಮಗು ಬಿಳಿಚಿಕೊಂಡು ಪಾಠದ ಹೊತ್ತಿಗೆ ತೂಕಡಿಸಿದರೆ ನಾವು ಸೋಮಾರಿ ಎನ್ನುತ್ತೇವೆ!

ನಾಲ್ಕು ಮನೆಯವರೂ ಸೇರಿ ಹಣ ಹಾಕಿದೆವು. "ಕೊಡುವುದಾದರೆ ಕನ್ನಡದ ಮಕ್ಕಳಿಗೇ ಕೊಡಬಾರದೇ?" ಎಂದು ಸ್ನೇಹಿತರೊಬ್ಬರು ಕೇಳಿದರು. ನನ್ನಾಕೆಯೇ ಉತ್ತರ ಕೊಟ್ಟಳು: "ನಲವತ್ತು ವರ್ಷ ಈ ಊರಿನ ಅನ್ನ ಉಂಡಿದ್ದೇವೆ ರಾಯರೇ. ಕಾಲಿಗೆ ಯಾವ ಭಾಷೆ?" ರಾಯರು ಮರುಮಾತಾಡದೆ ಎರಡು ಸಾವಿರ ಕೊಟ್ಟರು.

ಪಟ್ಟಿ ತಯಾರಿಸುವ ಜವಾಬ್ದಾರಿ ನನ್ನದು. ಕಾರ್ಖಾನೆಯಲ್ಲಿ ಸ್ಟೋರ್ಸ್ ನೋಡಿಕೊಂಡವನೆಂಬ ಹೆಮ್ಮೆ ಬೇರೆ. ಒಂದನೆಯ ಕ್ಲಾಸಿಗೆ ಇಷ್ಟು, ನಾಲ್ಕನೆಯ ಕ್ಲಾಸಿಗೆ ಇಷ್ಟು ಎಂದು 38 ಜೊತೆಗೆ ಅಂದಾಜಿನ ನಂಬರು ಬರೆದುಕೊಂಡು ಪೆರಿಯಮೇಡಿನ ಅಂಗಡಿಗೆ ಹೋದೆ. ಅಂಗಡಿಯವರು ಪಟ್ಟಿ ನೋಡಿ ನಕ್ಕರು. ಮಕ್ಕಳ ಬೂಟಿನ ನಂಬರು 13ರವರೆಗೆ ಹೋಗಿ ಮತ್ತೆ 1ರಿಂದ ಶುರುವಾಗುತ್ತದಂತೆ! ಪುಟ್ಟ ಮಗುವಿಗೆ 11 ಆದರೆ ಅದರ ಅಕ್ಕನಿಗೆ 1. ನಂಬರಿನಿಂದ ನಂಬರಿಗೆ ಅಂಗುಲದ ಮೂರನೆಯ ಒಂದು ಪಾಲು ವ್ಯತ್ಯಾಸ. ಅದು ಒಂದು ಬಾರ್ಲಿ ಕಾಳಿನ ಉದ್ದ, ಇಂಗ್ಲಿಷರ ಹಳೆಯ ಲೆಕ್ಕ. "ಕಾಲು ಕ್ಲಾಸು ನೋಡಿಕೊಂಡು ಬೆಳೆಯುವುದಿಲ್ಲ ಸಾರ್, ಅಳತೆ ತನ್ನಿ" ಎಂದರು. ನನಗೆ ಅವಸರ. ಪಟ್ಟಿಯನ್ನು ತಿದ್ದಿ, ಅಂದಾಜಿನಲ್ಲೇ ಕಟ್ಟಿಸಿಕೊಂಡು ಬಂದೆ.

ಶಾಲೆಯ ಹಜಾರದಲ್ಲಿ ಹಂಚಿದೆವು. ಒಬ್ಬೊಬ್ಬರನ್ನೂ ಕೇಳಿದೆ, "ಸರಿಯಾಗಿದೆಯಾ?" ಎಲ್ಲರದೂ ಒಂದೇ ಉತ್ತರ: "ಸರಿಯಾ ಇರುಕ್ಕು, ತಾತಾ." ನನಗೂ ಸಂತೋಷವಾಯಿತು. ಆಗ ನಾಲ್ಕನೆಯ ಕ್ಲಾಸಿನ ಒಬ್ಬ ಹುಡುಗಿ ಪಾದದ ಹೊರ ಅಂಚಿನ ಮೇಲೆ ಭಾರ ಬಿಟ್ಟು, ಕೆಂಡದ ಮೇಲೆ ನಡೆಯುವವಳಂತೆ ಹೋಗುತ್ತಿರುವುದು ಕಂಡಿತು. ಆ ನಡಿಗೆ ನನಗೆ ಗೊತ್ತು. ಕರೆದು ಕೂರಿಸಿ ಬೂಟಿನ ತುದಿ ಒತ್ತಿ ನೋಡಿದೆ. ಬೆರಳುಗಳು ಒಳಗೆ ಮುದುಡಿ ಕುಳಿತಿದ್ದವು. ಬಿಚ್ಚಿಸಿದರೆ ಉಗುರಿನ ಬುಡವೆಲ್ಲ ಕೆಂಪು. "ಯಾಕಮ್ಮ ಹೇಳಲಿಲ್ಲ?" ಎಂದು ಕೇಳಿದೆ. ಅವಳು ಬೂಟನ್ನು ಎದೆಗವಚಿಕೊಂಡು, ವಾಪಸು ತೆಗೆದುಕೊಳ್ಳುತ್ತೀರಾ ಎಂದು ಕೇಳಿದಳು.

ನನ್ನ ಬಾಯಿಂದ ಮಾತೇ ಹೊರಡಲಿಲ್ಲ. ಸಾಹುಕಾರರ ಜಗಲಿ ಕಣ್ಣ ಮುಂದೆ ಬಂತು. ಈಗ ಜಗಲಿಯ ಮೇಲೆ ಕುಳಿತವನು ನಾನೇ.

ಮತ್ತೆ ಎಲ್ಲರನ್ನೂ ಪರೀಕ್ಷಿಸಿದೆವು. 38ರಲ್ಲಿ 14 ಜೊತೆ ತಪ್ಪು. ಮರುದಿನ ಸಂಜೆ ಹಳೆಯ ಕ್ಯಾಲೆಂಡರಿನ ಹಾಳೆ, ಪೆನ್ಸಿಲು ಹಿಡಿದು ಹೋದೆವು. ದಿನವಿಡೀ ಓಡಾಡಿದ ಪಾದ ಸಂಜೆಗೆ ಸ್ವಲ್ಪ ಊದಿಕೊಳ್ಳುವುದರಿಂದ ಅಳತೆಗೆ ಅದೇ ಸರಿಯಾದ ಹೊತ್ತು. ಮಗುವನ್ನು ಹಾಳೆಯ ಮೇಲೆ ನಿಲ್ಲಿಸಬೇಕು, ಕೂರಿಸಬಾರದು. ಸುತ್ತ ಗೆರೆ ಎಳೆದು, ಮುಂದೆ ಒಂದು ಹೆಬ್ಬೆರಳಿನಗಲ ಬಿಡಬೇಕು. ಬೆಳೆಯುವ ಕಾಲಲ್ಲವೇ? ಮಂಡಿನೋವಿನ ನನ್ನಾಕೆ ನೆಲದ ಮೇಲೆ ಕುಳಿತು ಗೆರೆ ಎಳೆದಳು, ನಾನು ಹೆಸರು ಬರೆದೆ. ಪೆನ್ಸಿಲು ಅಂಗಾಲಿಗೆ ತಾಗಿದಾಗಲೆಲ್ಲ ಕಚಗುಳಿಯ ನಗು. ಹಜಾರ ಬಿಟ್ಟು ಹೊರಗೆ ಮೆಟ್ಟಿರಲಿಲ್ಲವಾದ್ದರಿಂದ ಅಂಗಡಿಯವರು ಹದಿನಾಲ್ಕನ್ನೂ ಬದಲಾಯಿಸಿ ಕೊಟ್ಟರು. ಆ ಹುಡುಗಿಗೆ ಬೇಕಾಗಿದ್ದುದು 3, ನಾನು ಕೊಟ್ಟಿದ್ದು 1.

ಹರಳಯ್ಯನ ಕತೆ ನಮಗೆಲ್ಲ ಗೊತ್ತು. ದಂಪತಿಗಳಿಬ್ಬರೂ ತಮ್ಮ ತೊಡೆಯ ಚರ್ಮದಿಂದ ಬಸವಣ್ಣನವರಿಗೆ ಚಮ್ಮಾವುಗೆ ಮಾಡಿದರು, ಅಣ್ಣನವರು ಅದನ್ನು ಮೆಟ್ಟಲೊಪ್ಪದೆ ತಲೆಯ ಮೇಲಿಟ್ಟುಕೊಂಡರು. ಕೊಟ್ಟವರೂ ಬಾಗಿದರು, ಪಡೆದವರೂ ಬಾಗಿದರು. ಅಷ್ಟು ದೊಡ್ಡ ಮಾತು ನಮಗೇಕೆ? ಆದರೆ ಪುಸ್ತಕ, ಪೆನ್ಸಿಲು, ಹಣ, ಇವನ್ನೆಲ್ಲ ನಿಂತುಕೊಂಡೇ ಕೊಡಬಹುದು. ಬೂಟನ್ನು ಮಾತ್ರ ಬಾಗದೆ ಕೊಡಲಾಗುವುದಿಲ್ಲ ಎಂಬುದನ್ನು ಈ ವಯಸ್ಸಿನಲ್ಲಿ ಕಲಿತೆ.

ಆ ಮೇಲೆ ಪ್ರತಿ ಡಿಸೆಂಬರಿನಲ್ಲೂ ಹಾಳೆ ಹಿಡಿದು ಹೋಗುತ್ತೇವೆ. ಜೂನಿನ ಜೋಡು ಹರಿಯುವ, ಇಲ್ಲವೇ ಚಿಕ್ಕದಾಗುವ ಹೊತ್ತು ಅದು. ನಿಮ್ಮ ಬೀದಿಯ ಕೊನೆಯಲ್ಲೂ ಇಂಥದೊಂದು ಶಾಲೆ ಇದ್ದೀತು. ಹೋಗಿ ಬನ್ನಿ. ಮಗು "ಸರಿಯಾಗಿದೆ" ಎಂದರೆ ಮಾತ್ರ ನಂಬಬೇಡಿ, ಕೂತು ಬೂಟಿನ ತುದಿಯನ್ನು ಒಮ್ಮೆ ಒತ್ತಿ ನೋಡಿ.