ಬಸ್ಸಿನ ಉದಾಹರಣೆ, ಮಂಗಳನ ವಕ್ರಗತಿ

ಬೋಧನಾಭ್ಯಾಸದ ಮೂರನೆಯ ವಾರ. ಎಂಟನೆಯ ತರಗತಿಗೆ ಸೌರವ್ಯೂಹದ ಪಾಠ ಮಾಡುತ್ತಿದ್ದೆ. “ಪಂಚಾಂಗದಲ್ಲಿ ಕುಜ ವಕ್ರಿ ಅಂತ ಬರೆದಿದೆ. ಗ್ರಹ ನಿಜವಾಗ್ಲೂ ಹಿಂದಕ್ಕೆ ಹೋಗುತ್ತಾ ಮಿಸ್?” ಎಂದು ಹುಡುಗಿಯೊಬ್ಬಳು ಕೇಳಿದಳು.

ಉದಾಹರಣೆ ಸಿದ್ಧವಿತ್ತು. ನಮ್ಮ ಬಸ್ಸು ಇನ್ನೊಂದನ್ನು ಹಿಂದಿಕ್ಕುವಾಗ ಅದು ಹಿಂದೆ ಸರಿದಂತೆ ಕಾಣುತ್ತದೆ. ಹಾಗೆಯೇ ಸೆಕೆಂಡಿಗೆ ಸುಮಾರು 30 ಕಿ.ಮೀ. ಸಾಗುವ ಭೂಮಿ, 24 ಕಿ.ಮೀ. ಸಾಗುವ ಮಂಗಳನನ್ನು ಹಿಂದಿಕ್ಕುತ್ತದೆ ಎಂದೆ.

“ಹಿಂದೆ ಬಿದ್ದ ಬಸ್ಸು ಮತ್ತೆ ಮುಂದಕ್ಕೆ ಹೋದಂಗೆ ಕಾಣಲ್ಲವಲ್ಲ ಮಿಸ್. ಕುಜ ಮತ್ತೆ ಮುಂದಕ್ಕೆ ಹೋಗ್ತಾನಲ್ಲ?”

ನನ್ನಲ್ಲಿ ಉತ್ತರವಿರಲಿಲ್ಲ. “ಅದೆಲ್ಲ ಭ್ರಮೆ” ಎಂದು ಪಾಠ ಮುಂದುವರಿಸಿದೆ. ಅವಳು ಸುಮ್ಮನೆ ಕುಳಿತಳು.

ಆ ರಾತ್ರಿ ಹಾಳೆಯ ಮೇಲೆ ಗೆರೆ ಎಳೆದಾಗಲೇ ನನಗೂ ಅರ್ಥವಾದದ್ದು. ಮರುದಿನ ಮೈದಾನದಲ್ಲಿ ಸುಣ್ಣದ ಪುಡಿಯಿಂದ 2 ಮತ್ತು 3 ಮೀಟರ್ ತ್ರಿಜ್ಯದ ವೃತ್ತಗಳನ್ನು ಎಳೆದೆವು. ಒಳಗಿನದಕ್ಕೆ 24 ಗುರುತು, ಹೊರಗಿನದಕ್ಕೆ 45. ಒಂದು ಗುರುತಿಗೆ ಹದಿನೈದು ದಿನ. ಅವಳು ಭೂಮಿ, ಗೆಳತಿ ಮಂಗಳ, ದೂರದ ತೆಂಗಿನಮರಗಳು ನಕ್ಷತ್ರಗಳು. ಭೂಮಿ ಮೂರು ಗುರುತು ಹಿಂದಿನಿಂದ ಹೊರಟಿತು. ಇಬ್ಬರೂ ಅಪ್ರದಕ್ಷಿಣವಾಗಿ ಒಟ್ಟಿಗೆ ಒಂದೊಂದು ಗುರುತು ನಡೆದರು. ಪ್ರತಿ ಸಲವೂ ಅವಳು ಗೆಳತಿಯತ್ತ ಕೈ ಚಾಚಿದಳು. ಕೈ ಮರಗಳ ಮುಂದೆ ಎಡಕ್ಕೆ ಸರಿಯಿತು. ಹಿಂದಿಕ್ಕುವ ಹೊತ್ತಿಗೆ ನಾಲ್ಕೈದು ಹೆಜ್ಜೆ ಬಲಕ್ಕೆ. ಆಮೇಲೆ ಮತ್ತೆ ಎಡಕ್ಕೆ.

“ನನ್ನ ದಾರಿ ಬಾಗ್ತಿದೆ ಮಿಸ್!” ಎಂದಳು.

ಉತ್ತರ ಅದೇ. ಬಸ್ಸಿನ ರಸ್ತೆ ನೇರ, ಭೂಮಿಯದು ವೃತ್ತ. ಹಿಂದಿಕ್ಕಿದ ಭೂಮಿ ಬಾಗಿ ದೂರ ಸಾಗಿದಂತೆ ಮಂಗಳನ ಸ್ವಂತ ಮುನ್ನಡೆ ಮತ್ತೆ ಕಾಣುತ್ತದೆ.

ಈಗ ಪಾಠಯೋಜನೆಯಲ್ಲಿ ಪ್ರತಿ ಉದಾಹರಣೆಯ ಪಕ್ಕದಲ್ಲೂ ಒಂದು ಸಾಲು ಬರೆದುಕೊಳ್ಳುತ್ತೇನೆ: ಇದು ಎಲ್ಲಿ ಕೈಕೊಡುತ್ತದೆ?