ನುಗ್ಗೇಹಳ್ಳಿ: ಗುಡಿಯ ಸುತ್ತಲಿನ ನೂರು ಮೀಟರ್

ಹಾಸನ ಜಿಲ್ಲೆಯ ಚನ್ನರಾಯಪಟ್ಟಣದಿಂದ ತಿಪಟೂರಿಗೆ ಹೋಗುವ ದಾರಿಯಲ್ಲಿ ಸಿಗುವ ಊರು ನುಗ್ಗೇಹಳ್ಳಿ. ಹಿಂದೆ ವಿಜಯ ಸೋಮನಾಥಪುರ ಎಂಬ ಹೆಸರಿನ ಅಗ್ರಹಾರವಾಗಿತ್ತು. ಬೇಲೂರು, ಹಳೇಬೀಡಿಗೆ ಶಾಲಾ ಪ್ರವಾಸ ಹೊರಡುವ ಬಸ್ಸುಗಳು ಇತ್ತ ತಿರುಗುವುದು ಅಪರೂಪ. ತಿರುಗಿದರೆ ನಷ್ಟವಿಲ್ಲ.

ಹೊಯ್ಸಳ ದೊರೆ ವೀರ ಸೋಮೇಶ್ವರನ ದಂಡನಾಯಕ ಬೊಮ್ಮಣ್ಣ ಇಲ್ಲಿ 1246ರಲ್ಲಿ ಲಕ್ಷ್ಮೀನರಸಿಂಹ ದೇವಾಲಯವನ್ನು ಕಟ್ಟಿಸಿದ. ಇದು ತ್ರಿಕೂಟಾಚಲ, ನರಸಿಂಹ, ಕೇಶವ, ವೇಣುಗೋಪಾಲರಿಗೆ ಒಂದೊಂದು ಗರ್ಭಗುಡಿ. ಹೊರಗೋಡೆಯ ದಕ್ಷಿಣ ಭಾಗದ ಶಿಲ್ಪಗಳು ಬೈಚೋಜನವು, ಉತ್ತರದವು ಮಲ್ಲಿತಮ್ಮನವು ಎಂದು ವಿದ್ವಾಂಸರು ಗುರುತಿಸುತ್ತಾರೆ. ಒಂದೇ ಗುಡಿಯಲ್ಲಿ ಇಬ್ಬರ ಕೈಚಳಕವನ್ನು ಹೋಲಿಸಿ ನೋಡುವ ಅವಕಾಶ ವಿದ್ಯಾರ್ಥಿಗಳಿಗೆ ಇಲ್ಲಿದೆ. ಅದೇ ಊರಿನ ಸದಾಶಿವ ದೇವಾಲಯವೂ ಬೊಮ್ಮಣ್ಣನದೇ.

ಈ ಗುಡಿಗಳು ಬಯಲಲ್ಲಿಲ್ಲ, ಜನವಸತಿಯ ನಡುವೆ ಇವೆ. ಸಮಸ್ಯೆ ಹುಟ್ಟುವುದೂ ಇಲ್ಲಿಯೇ. ಕೇಂದ್ರದ ರಕ್ಷಣೆಯಲ್ಲಿರುವ ಸ್ಮಾರಕಗಳ ಸುತ್ತ 100 ಮೀಟರ್ ನಿಷೇಧಿತ ವಲಯ, ಅದರಾಚೆ 200 ಮೀಟರ್ ನಿಯಂತ್ರಿತ ವಲಯ ಎಂದು 1992ರ ಜೂನ್‌ನಲ್ಲಿ ಅಧಿಸೂಚನೆ ಹೊರಟಿತು. 2010ರ ತಿದ್ದುಪಡಿ ಇದನ್ನು ಕಾಯಿದೆಯೊಳಗೇ ಸೇರಿಸಿತು. ಅಳತೆ ಆರಂಭವಾಗುವುದು ಗುಡಿಯ ಗೋಡೆಯಿಂದಲ್ಲ, ಸಂರಕ್ಷಿತ ಜಾಗದ ಗಡಿಯಿಂದ. ನಿಷೇಧಿತ ವಲಯದಲ್ಲಿ ಹೊಸ ಮನೆ ಕಟ್ಟುವಂತಿಲ್ಲ. ಹಳೆಯ ಮನೆಯ ದುರಸ್ತಿಗೂ ಅನುಮತಿ ಬೇಕು. ಮೀರಿದರೆ ಎರಡು ವರ್ಷದವರೆಗೆ ಸೆರೆವಾಸ, ಒಂದು ಲಕ್ಷ ರೂಪಾಯಿವರೆಗೆ ದಂಡ ಅಥವಾ ಎರಡೂ.

ಇಷ್ಟು ಬಿಗಿ ಏಕೆ? ಎತ್ತರದ ಮಾತನ್ನೇ ತೆಗೆದುಕೊಳ್ಳಿ. ಉಬ್ಬು ಶಿಲ್ಪ ಕಣ್ಣಿಗೆ ಕಾಣುವುದು ನೆರಳಿನಿಂದ. ಚಳಿಗಾಲದಲ್ಲಿ ಸೂರ್ಯ ದಕ್ಷಿಣಕ್ಕೆ ವಾಲಿದಾಗ ಬೈಚೋಜನ ಗೋಡೆಯ ಮೇಲೆ ಓರೆಬಿಸಿಲು ಬೀಳುತ್ತದೆ. ಆ ದಿಕ್ಕಿಗೆ ಮೂರು ಮಹಡಿಯ ಕಟ್ಟಡ ಎದ್ದರೆ ಬಿಸಿಲಿಗೂ ಅಡ್ಡ, ಗೋಪುರದ ನೋಟಕ್ಕೂ ಅಡ್ಡ. ದೀಪದ ವಿಷಯವೂ ಹಾಗೆಯೇ. ನೇರವಾಗಿ ಮುಖಕ್ಕೆ ಹೊಡೆಯುವ ದೊಡ್ಡ ದೀಪ ನೆರಳನ್ನು ಅಳಿಸಿ ಶಿಲ್ಪವನ್ನು ಚಪ್ಪಟೆಯಾಗಿಸುತ್ತದೆ. ಇನ್ನು ತೋಟ: ಹಸಿರು ಕಣ್ಣಿಗೆ ತಂಪು, ಆದರೆ ಅಡಿಪಾಯದ ಪಕ್ಕ ನೆಟ್ಟ ಅರಳಿ, ಆಲದ ಬೇರು ಕಲ್ಲಿನ ಸಂದಿಗೆ ಇಳಿಯುತ್ತದೆ. ಹುಲ್ಲುಹಾಸಿಗೆ ಬಿಟ್ಟ ನೀರು ಹರಿದುಹೋಗದೆ ನಿಂತರೆ ತಳಪಾಯಕ್ಕೆ ಕೇಡು.

ಆದರೆ ಗುಡಿಯ ನೆರೆಯವರ ಕಷ್ಟವೂ ಸಣ್ಣದಲ್ಲ. ಮಗನಿಗೆ ಮದುವೆಯಾಗಿ ಇನ್ನೊಂದು ಕೋಣೆ ಬೇಕಾದಾಗ, ಮಣ್ಣಿನ ಗೋಡೆ ಕುಸಿದಾಗ ಅವರು ಕಚೇರಿಗೆ ಅಲೆಯಬೇಕು. ಎಲ್ಲ ಸ್ಮಾರಕಗಳಿಗೂ ಒಂದೇ ಅಳತೆಗೋಲು ಸರಿಯೇ ಎಂಬ ಪ್ರಶ್ನೆ 2023ರಲ್ಲಿ ಸಂಸತ್ತಿನ ಸ್ಥಾಯಿ ಸಮಿತಿಯ ವರದಿಯಲ್ಲೂ ಬಂತು.

ಇದಕ್ಕೆ ಕಾಯಿದೆಯಲ್ಲೇ ಒಂದು ದಾರಿಯಿದೆ. ಪ್ರತಿ ಸ್ಮಾರಕಕ್ಕೂ ಪ್ರತ್ಯೇಕ ಪಾರಂಪರಿಕ ಉಪನಿಯಮ ರಚಿಸಬೇಕೆಂದು 2010ರ ತಿದ್ದುಪಡಿ ಹೇಳುತ್ತದೆ. ಕಟ್ಟಡದ ಮುಂಭಾಗ, ಚರಂಡಿ, ರಸ್ತೆ, ವಿದ್ಯುತ್ ಕಂಬ, ನೀರಿನ ಕೊಳವೆ ಎಲ್ಲವೂ ಅದರ ವ್ಯಾಪ್ತಿಗೆ ಬರುತ್ತವೆ. ಆ ಊರಿನ ಮನೆಗಳ ಎತ್ತರ, ಬೀದಿಯ ಅಗಲ ಅಳೆದು, ಜನರ ಮಾತು ಕೇಳಿ ಬರೆದರೆ ನಿಯಮ ಊರಿನದೇ ಆಗುತ್ತದೆ. ದೂರದಲ್ಲಿ ಕುಳಿತು ಬರೆದರೆ ಅದು ಕಡತದಲ್ಲೇ ಉಳಿಯುತ್ತದೆ.

ಬೇಲೂರು, ಹಳೇಬೀಡು, ಸೋಮನಾಥಪುರಗಳು 2023ರ ಸೆಪ್ಟೆಂಬರ್‌ನಲ್ಲಿ ವಿಶ್ವಪರಂಪರೆಯ ಪಟ್ಟಿ ಸೇರಿದವು. ನುಗ್ಗೇಹಳ್ಳಿ ಆ ಪಟ್ಟಿಯಲ್ಲಿಲ್ಲ. ಅದರ ಗುಡಿಗಳ ಅಳಿವು ಉಳಿವು ಹೆಚ್ಚಾಗಿ ನೆರೆಮನೆಯವರ ಮನಸ್ಸಿನ ಮೇಲೆ ನಿಂತಿದೆ. ಇಲ್ಲಿಗೆ ಮಕ್ಕಳನ್ನು ಕರೆತರುವ ತಂದೆತಾಯಿ, ಮೇಷ್ಟರು ಒಂದು ಅಳತೆ ಟೇಪು ತರಲಿ. ಗಡಿಯಿಂದ ನೂರು ಮೀಟರ್ ಅಳೆದು, ಅದರೊಳಗೆ ಎಷ್ಟು ಮನೆಗಳಿವೆ ಎಂದು ಮಕ್ಕಳೇ ಎಣಿಸಲಿ. ಚರಿತ್ರೆಯ ಜೊತೆಗೆ ಪೌರನೀತಿಯ ಪಾಠವೂ ಆದೀತು.